ಅಪ್ಪನಿಗೆ ಬೇಡವಾದ ಹೊಳಪು

ನಮ್ಮ ಮನೆಯಲ್ಲಿ ಬೆಳಗ್ಗೆ ಹೊಳೆದದ್ದು ಸಂಜೆಗೆ ಹೊಳೆಯುತ್ತಿರಲಿಲ್ಲ. ಶಹಾಬಾದಿನಲ್ಲಿ, ಅದೂ ಸಿಮೆಂಟು ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ನಮ್ಮ ಕಡೆ ಬೀಸಿದ ದಿನ ಬೇವಿನ ಗಿಡ, ಹಗ್ಗದ ಮೇಲಿನ ಬಟ್ಟೆ, ನೀರಿನ ಕೊಡ, ಎದುರು ಮನೆಯ ಎಮ್ಮೆ, ಎಲ್ಲಕ್ಕೂ ಒಂದೇ ಬಣ್ಣ. ಅವ್ವ ತಾಟು ಲೋಟಗಳನ್ನು ಬೋರಲು ಹಾಕಿಯೇ ಇಡುತ್ತಿದ್ದಳು. ಹಪ್ಪಳ ಒಣಗಿಸಬೇಕೆಂದರೆ ಮೊದಲು ಅಂಗಳಕ್ಕೆ ನೀರು ಹೊಡೆದು, ಮೇಲೆ ತೆಳು ಸೀರೆ ಕಟ್ಟುತ್ತಿದ್ದಳು. ಅಂಥ ಮನೆಯಲ್ಲಿ ಒಂದು ಆಟಿಕೆ ಕಾರಿಗೆ ಹೊಳಪು ಬೇಕೋ ಬೇಡವೋ ಎಂದು ಜಗಳ ಬಿತ್ತು. ಆ ಜಗಳ ಬೀಳದೆ ಹೋಗಿದ್ದರೆ ಅಪ್ಪನ ಕಣ್ಣಿಗೆ ಏನಾಗುತ್ತಿದೆ ಎಂದು ನಮಗೆ ಯಾವಾಗ ತಿಳಿಯುತ್ತಿತ್ತೋ, ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ. ಅಪ್ಪ ಫ್ಯಾಕ್ಟರಿಯ ಶಾಲೆ ಬಸ್ಸಿನ ಡ್ರೈವರ್. ಕಾಲೊನಿಯ ಮಕ್ಕಳೆಲ್ಲ ಆ ಬಸ್ಸಿನಲ್ಲಿ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ. ಇಷ್ಟು ವರ್ಷವಾದ ಮೇಲೂ ಅದನ್ನು ನೆನೆದರೆ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಸದ್ಯ, ಬದುಕಿದೆವು ಅನ್ನಿಸುತ್ತದೆ.

ಮನೆ ಎಂದರೆ ಫರಸಿ ಕಲ್ಲಿನ ಮನೆ. ನೆಲಕ್ಕೂ ಅದೇ ಕಲ್ಲು, ಗೋಡೆಗೂ ಅದೇ, ತಲೆಯ ಮೇಲೂ ಅದೇ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯೇ ಇಲ್ಲದ ನಡುಮನೆ. ನಡುಮನೆಯ ಛಾವಣಿಯಲ್ಲಿ ಅಂಗೈಯಗಲದ ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲು ಮಧ್ಯಾಹ್ನ ಗೋಡೆಯ ಬುಡದಲ್ಲಿ ಸ್ವಲ್ಪ ಹೊತ್ತು ಕುಳಿತು ಎದ್ದುಹೋಗುತ್ತಿತ್ತು. ಬೇಸಿಗೆಯಲ್ಲಿ ನಾವೆಲ್ಲ ಅಲ್ಲೇ ಬಿದ್ದುಕೊಳ್ಳುತ್ತಿದ್ದೆವು. ಅಪ್ಪನ ಅವ್ವ, ನಮ್ಮ ಆಯಿ, ಆ ಕೋಣೆಯ ಒಡತಿ. ಅವಳ ಹಾಸಿಗೆ, ಅವಳ ಎಲೆಅಡಿಕೆ ಚೀಲ, ಅವಳ ಮಾತು ಎಲ್ಲ ಅಲ್ಲೇ. ಯಾರು ಹೊರಗೆ ಹೋಗಬೇಕಾದರೂ ಆಯಿಯನ್ನು ದಾಟಿಯೇ ಹೋಗಬೇಕು, ಅವಳಿಂದ ಒಂದು ಮಾತು ಅನ್ನಿಸಿಕೊಂಡೇ ಹೋಗಬೇಕು.

ಬೆಳಗಿನ ಪೂಜೆಯೂ ನಡುಮನೆಯಲ್ಲೇ. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ. ಲಿಂಗದ ಮೇಲೆ ಕಂತಿ ಎಂಬ ಕಪ್ಪು ಲೇಪ ಇರುತ್ತದೆ. ಚೆನ್ನಾಗಿ ಕಟ್ಟಿದ ಕಂತಿ ನೇರಳೆ ಹಣ್ಣಿನಂತೆ ಮಿಂಚುತ್ತದೆ, ಪಕ್ಕದ ದೀಪ ಅದರಲ್ಲಿ ಸಾಸಿವೆ ಕಾಳಿನಷ್ಟು ಬೆಳಕಾಗಿ ಮೂಡುತ್ತದೆ. ಆ ಕಾಳಿನ ಮೇಲೆ ಕಣ್ಣು ನೆಟ್ಟು ಅಲುಗದೆ ಕೂರಬೇಕು. ಆ ವರ್ಷ ಅಪ್ಪನಿಗೆ ಆ ಕಾಳು ಸರಿಯಾಗಿ ಕಾಣದಾಯಿತು. ಕಂತಿ ಮಾಸಿದೆ ಎಂದುಕೊಂಡ. ಕಾಳಗಿ ಕಡೆಯ ಒಬ್ಬ ಸ್ವಾಮಿಗಳ ಹತ್ತಿರ ಹೋಗಿ ಹೊಸದಾಗಿ ಕಟ್ಟಿಸಿಕೊಂಡು ಬಂದ. ಸ್ವಲ್ಪ ದಿನಕ್ಕೆ ಅದೂ ಮಾಸಿತು ಎಂದು ಮತ್ತೆ ಬಸ್ಸು ಹತ್ತಿದ. ಸ್ವಾಮಿಗಳನ್ನು ಬಿಟ್ಟರೆ ಒಬ್ಬರ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹೀಗಾಗಿ ಕಂತಿ ನಿಜವಾಗಿ ಮಾಸಿದೆಯೋ ಇಲ್ಲವೋ ಎಂದು ಮನೆಯವರು ಯಾರೂ ಇಸಿದುಕೊಂಡು ನೋಡಲಿಲ್ಲ.

“ನಮ್ಮಪ್ಪ ಕಟ್ಟಿಸಿದ ಕಂತಿ ನನ್ನ ಕೊರಳಾಗ ಇನ್ನಾ ಗಟ್ಟಿ ಅದ. ನಿಂದ್ಯಾಕೋ ಗುರು, ಸಾಬೂನ ಕರಗಿದಂಗ ಕರಗತದ?” ಎಂದು ಆಯಿ ಕೇಳಿದಳು.

“ಈಗಿನ ಸಾಮಾನ ಅಷ್ಟೇ ಯವ್ವಾ. ಎಲ್ಲಾ ಕಲಬೆರಕಿ,” ಎಂದು ಅಪ್ಪ ಎದ್ದುಹೋದ.

ಇದೇ ವೇಳೆಗೆ ನಮ್ಮ ಮನೆಗೆ ಕಾರು ಬಂತು. ಫ್ಯಾಕ್ಟರಿಯಲ್ಲಿ ಹೊಸ ಯಂತ್ರ ಕೂರಿಸಲು ಹೊರದೇಶದಿಂದ ಒಬ್ಬ ಇಂಜಿನಿಯರ್ ಬಂದಿದ್ದರು. ಅವರ ಹೆಸರು ನಮ್ಮ ಯಾರ ಬಾಯಿಗೂ ಹೊಂದದೆ ಆಯಿ ಅವರನ್ನು ಕೆಂಪುಸಾಹೇಬ ಮಾಡಿದ್ದಳು. ಅವರಿದ್ದಷ್ಟು ದಿನ, ಬಸ್ಸಿನ ಕೆಲಸ ಮುಗಿದ ಮೇಲೆ, ಅವರ ಜೀಪನ್ನೂ ಓಡಿಸಿದವನು ಅಪ್ಪ. ರಜೆಯ ದಿನ ಅವರು ಗೆಸ್ಟ್ ಹೌಸಿನಲ್ಲಿ ಕೂತು ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿ ಗೇಣುದ್ದದ ಕಾರು, ವಿಮಾನ ಮಾಡುತ್ತಿದ್ದರಂತೆ. ಊರಿಗೆ ಹೊರಟಾಗ ತೆರೆಯದೇ ಉಳಿದಿದ್ದ ಒಂದು ಡಬ್ಬಿಯನ್ನು ಅಪ್ಪನ ಕೈಗಿಟ್ಟು, ಮಗಳಿಗೆ ಎಂದು ಸನ್ನೆ ಮಾಡಿ ಹೋದರು. ಡಬ್ಬಿಯ ಮೇಲಿನ ಚಿತ್ರದಲ್ಲಿ ಒಂದು ವಿಚಿತ್ರ ಗಾಡಿ. ಮುಂದೆ ಮುಚ್ಚಳವೇ ಇಲ್ಲ, ಇಂಜಿನ್ನಿನ ಕೊಳವೆಗಳೆಲ್ಲ ಹೊರಗೆ.

ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಮುಂದಿನ ಗಾಲಿ ಸಣ್ಣು, ಹಿಂದಿನ್ವು ದೊಡ್ಡು. ಇಳಿಜಾರಿನ್ಯಾಗ ನಿಂತಂಗ ಕಾಣತದ. ಆ ಸಾಹೇಬ ಪುಕ್ಕಟ ಯಾಕ ಕೊಟ್ಟ ಅಂತ ಈಗ ತಿಳೀತು ನೋಡು.”

“ಹಂಗಲ್ಲ ಯವ್ವಾ, ಅದರ ಠೀವಿನೇ ಅದು. ಅವರ ಕಡಿ ಹುಡುಗರು ಹಳೀ ಗಾಡಿ ತಂದು ಬಿಚ್ಚಿ, ದೊಡ್ಡ ಇಂಜಿನ್ ಕುಂದ್ರಸಿ ಓಡಸ್ತಾರಂತ. ಹಾಟ್ ರಾಡ್ ಅಂತಾರ ಇದಕ್ಕ.”

“ಏನರ ಅನ್ಲಿ. ಮುಚ್ಚಳ ಇಲ್ಲದ ಗಾಡಿ ತಗೊಂಡು ಮಳಿಗಾಲದಾಗ ಏನ ಮಾಡ್ತಾರಂತ?”

ಅಪ್ಪ ಡಬ್ಬಿಯನ್ನು ಅವಳ ಕೈಯಿಂದ ಇಸಿದುಕೊಂಡು ನನ್ನ ಮುಂದಿಟ್ಟ. ನನಗಂತೂ ಅದರಿಂದ ಕಣ್ಣು ಕೀಳಲು ಮನಸ್ಸಾಗಲಿಲ್ಲ. ನಮ್ಮ ಓಣಿಯ ಹುಡುಗಿಯರ ಹತ್ತಿರ ಗೊಂಬೆ ಇದ್ದವು, ಚೌಕಾಬಾರ ಇತ್ತು, ಇಂಥ ಗಾಡಿ ಯಾರ ಹತ್ತಿರ ಇತ್ತು? ರಜೆ ಬಂದರೆ ಸಾಕು, ನಾನೂ ಅಪ್ಪನೂ ನಡುಮನೆಯ ಕಲ್ಲಿನ ಮೇಲೆ ಹಳೆ ಬೆಡ್‌ಶೀಟು ಹಾಸಿಕೊಂಡು ಕೂತುಬಿಡುತ್ತಿದ್ದೆವು. ಚೌಕಟ್ಟಿನಿಂದ ಚೂರು ಬಿಡಿಸುವುದು ನಾನು, ಅಂಟಿಸುವುದು ಅವನು. ಪಡಸಾಲೆಯಲ್ಲಿ ಬೆಳಕಿದೆ, ಅಲ್ಲಿ ಕೂರೋಣ ಎಂದರೆ ಬೇಡ, ಧೂಳು ಬೀಳುತ್ತದೆ ಅನ್ನುತ್ತಿದ್ದ. ಮಾತು ಸರಿಯಾಗಿಯೇ ಇತ್ತು, ನಮ್ಮೂರಲ್ಲಿ ಧೂಳಿನ ನೆವಕ್ಕೆ ಯಾರೂ ಎದುರಾಡುವುದಿಲ್ಲ. ಅವನು ಚೂರುಗಳನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದುದನ್ನು ನಾನು ಕೆಲಸದ ಅಚ್ಚುಕಟ್ಟು ಎಂದೇ ತಿಳಿದಿದ್ದೆ.

ಗಾಡಿ ನಿಂತಿತು, ಆದರೆ ಬೋಳು ಬೂದು ಬಣ್ಣದ ಪ್ಲಾಸ್ಟಿಕ್. ಡಬ್ಬಿಯಲ್ಲಿದ್ದ ಬಣ್ಣದ ಕುಪ್ಪಿಗಳು ಒಣಗಿ ಕಲ್ಲಾಗಿದ್ದವು. ಹಾಗಾಗಿ ನಾವಿಬ್ಬರೂ ಬಾಬುಮಿಯಾ ಚಾಚಾನ ಗ್ಯಾರೇಜಿಗೆ ಹೋದೆವು. ಚಾಚಾ ಸ್ಕೂಟರು, ಟ್ರಂಕು, ಹಬ್ಬ ಬಂದರೆ ಎತ್ತಿನ ಕೋಡು, ಎಲ್ಲಕ್ಕೂ ಬಣ್ಣ ಹಚ್ಚುವವನು, ಅಪ್ಪನ ಹಳೆಯ ಗೆಳೆಯ. ಕಾರನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಕೆಂಪೇ ಆಗಬೇಕು ಎಂದು ತಾನೇ ತೀರ್ಮಾನ ಕೊಟ್ಟ. ಆದರೆ ಎಂಥ ಕೆಂಪು? ಯಾವುದೋ ಮದುವೆಯ ಊಟದಿಂದ ಉಳಿದ ಪ್ಲಾಸ್ಟಿಕ್ ಚಮಚಗಳನ್ನು ತೆಗೆದು ಒಂದೊಂದರ ಬೆನ್ನಿಗೆ ಒಂದೊಂದು ಥರ ಹಚ್ಚಿ ತಂತಿಗೆ ನೇತುಹಾಕಿದ.

“ಇದು ಫುಲ್ ಚಮಕ್, ಮಾರಿ ನೋಡ್ಕೊಬಹುದು. ಇದು ಡಲ್, ಹಂಚಿನಂಗ. ನಡುವಿಂದು ಆಧಾ ಚಮಕ್ ನೋಡ್ರಿ ಗುರಣ್ಣ, ಮೊಟ್ಟಿ ಸಿಪ್ಪಿ ಇರತದಲಾ, ಹಂಗ…” ಎಂದವನು ಅಪ್ಪನ ಹಣೆಯ ವಿಭೂತಿ ನೋಡಿ ನಾಲಿಗೆ ಕಚ್ಚಿಕೊಂಡ. “ತೋಬಾ ತೋಬಾ, ನಿಮ್ಮ ಮನ್ಯಾಗ ಮೊಟ್ಟಿ ಎಲ್ಲಿಂದ ಬರಬೇಕು! ಉಳ್ಳಾಗಡ್ಡಿ ಸಿಪ್ಪಿ ಹಂಗ ಅನ್ನೂಣು.”

ನಾವು ಮೂರೂ ಚಮಚಗಳನ್ನು ಮನೆಗೆ ತಂದೆವು. ಅಂಗಳದ ಬಟ್ಟೆ ಹಗ್ಗಕ್ಕೆ ಕಟ್ಟಿ ಮನೆಮಂದಿಯನ್ನೆಲ್ಲ ಕರೆದೆ. ನನಗೆ ಫುಲ್ ಚಮಕ್ ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ. ಆಯಿ ಕೂಡ ಅದನ್ನೇ ಮುಟ್ಟಿ, ಕುಂಕುಮಕ್ಕೆ ಎಣ್ಣೆ ಕಲಸಿದಂಗ ಛಂದ ಅದ ಅಂದಳು. ಅವ್ವ ಎಲ್ಲರಿಗಿಂತ ಲೆಕ್ಕದ ಹೆಂಗಸು. ಸೆರಗಿನ ತುದಿಯಿಂದ ಮೂರೂ ಚಮಚ ಒರೆಸಿ ನೋಡಿ, ಹೊಳಪಿನದಾದರೆ ಧೂಳು ಒಂದೇ ಒರೆತಕ್ಕೆ ಹೋಗುತ್ತದೆ, ಡಲ್ ಆದರೆ ಒಳಗೆ ಹೊಕ್ಕು ಕೂರುತ್ತದೆ ಅಂದಳು. ಅಪ್ಪ ಮಾತ್ರ ಪಡಸಾಲೆಯ ನೆರಳಿನಿಂದ ಇಳಿಯಲೇ ಇಲ್ಲ. ಅಲ್ಲಿಂದಲೇ ಡಲ್ ಇರಲಿ ಅಂದ. ಬೇರೆ ಯಾರಾದರೂ ಅಂದಿದ್ದರೆ ಬಿಡಬಹುದಿತ್ತು. ಈ ಮನುಷ್ಯ ದಿನಾ ನಸುಕಿನಲ್ಲಿ ಬಕೆಟ್ಟು ಹಿಡಿದು ಬಸ್ಸು ತೊಳೆದು, ಗಾಜನ್ನು ಹಳೆ ಪೇಪರಿನಿಂದ ತಿಕ್ಕಿ, ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುವವನು!

ಸಂಜೆ ಊಟಕ್ಕೆ ಕೂತಾಗ ಜಗಳ ಜೋರಾಯಿತು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯೆ, ಶೇಂಗಾ ಹಿಂಡಿ, ಮೊಸರು. ನಾನು ತಾಟು ಸರಿಸಿ ಕೂತೆ.

“ಕಾರು ಯಾರದು? ಸಾಹೇಬರು ನನಗ ಅಂತ ಕೊಟ್ಟಾರ,” ಅಂದೆ.

“ಹೊಳಿಯೂದು ತಗೊಂಡು ಏನ ಮಾಡ್ತಿ? ಚಮಕ್ ಅಂದ್ರ ಕಣ್ಣಿಗೆ ಚುಚ್ಚತದ,” ಅಂದ ಅಪ್ಪ.

“ಯಾರ ಕಣ್ಣಿಗಿ?” ಎಂದು ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ಯಾರ ಕಣ್ಣಿಗರ ಚುಚ್ಚತದ. ಡಲ್ ಅಂದ್ರ ಡಲ್. ಒಂದು ಮಾತು ಅಂದ್ರ ಮೂರೂ ಮಂದಿ ಮೈಮ್ಯಾಲ ಬರ್ತೀರಿ!” ಅಪ್ಪ ಕೂಗಿದ. ನಮ್ಮಪ್ಪ ಕೂಗುವವನಲ್ಲ. ಬಸ್ಸಿನಲ್ಲಿ ಹುಡುಗರು ಸೀಟು ಹರಿದರೂ ಏ ಮಹಾರಾಜ ಎಂದು ಕರೆದು ಬುದ್ಧಿ ಹೇಳುವವನು. ನಾನು ಬಿಕ್ಕಿದೆ. ಆಯಿ, ಒಂದು ಗೊಂಬಿ ಗಾಡಿಗಾಗಿ ಕೂಸಿನ ಅನ್ನ ಬಿಡಸ್ತೀಯೇನು ಎಂದು ಅವನ ಮೇಲೆ ಹರಿಹಾಯ್ದಳು. ಅಪ್ಪ ಕೈತೊಳೆದುಕೊಂಡು, “ಮಾಡ್ಕೋರಿ, ನಿಮಗ ಹೆಂಗ ಬೇಕೋ ಹಂಗ,” ಎಂದು ಎದ್ದ. ಗೆದ್ದೆ ಎಂದು ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವ್ವ ಹಪ್ಪಳದ ಉಪಾಯವನ್ನೇ ಕಾರಿಗೂ ಮಾಡಿದಳು. ಪಡಸಾಲೆಗೆ ನೀರು ಚಿಮುಕಿಸಿ, ಹಳೆ ಸೀರೆಯನ್ನು ತೋಯಿಸಿ ಹಿಂಡಿ, ಎರಡು ಕುರ್ಚಿಗಳ ಮೇಲೆ ಗುಡಾರದ ಹಾಗೆ ಇಳಿಬಿಟ್ಟಳು. ಅದರೊಳಗೆ ನಾನು, ಕಾರು, ಚಾಚಾ ಕೊಟ್ಟ ಚಮಕ್ ಬಣ್ಣದ ಬಾಟಲಿ. ಉಸಿರು ಬಿಗಿಹಿಡಿದು ಹಚ್ಚಿದೆ. ಮೂಗಿನ ಮೇಲಿನ ಬೆವರು ಅದರ ಮೇಲೆ ಬಿದ್ದೀತೆಂದು ಅವ್ವ ಹೊರಗಿನಿಂದ ಕೈಹಾಕಿ ನನ್ನ ಮುಖ ಒರೆಸುತ್ತಿದ್ದಳು. ಮಾರನೆಯ ದಿನದ ಹೊತ್ತಿಗೆ ಒಣಗಿತು, ಒಂದೂ ಕಣ ಧೂಳು ಕೂತಿರಲಿಲ್ಲ. ನಾನು ಕುಣಿದಾಡಿದೆ.

ಭಾನುವಾರ ನಡುಮಧ್ಯಾಹ್ನ. ಕಾರನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೆ ಬಿಸಿಲಿಗೆ ನಿಂತು, ಅಪ್ಪಾ, ಬಾ ಇಲ್ಲಿ, ನೋಡು ಎಂದು ಕೂಗಿದೆ. ಸಿಟ್ಟು ಮರೆತು ನಗುತ್ತಲೇ ಬಂದ. ಹೊಸ್ತಿಲು ದಾಟಿದ್ದೇ ತಡ, ಯಾರೋ ಮುಖಕ್ಕೆ ನೀರು ಎರಚಿದ ಹಾಗೆ ಕೈ ಅಡ್ಡ ಹಿಡಿದ. ಹಿಡ್ಕೋ ಎಂದು ನಾನು ಕೊಟ್ಟೆ. ಅವನ ಕೈ ಗೇಣು ದೂರದಲ್ಲಿ ಖಾಲಿ ಗಾಳಿ ಹಿಡಿಯಿತು. ಕಾರು ಕಲ್ಲಿನ ಮೇಲೆ ಬಿದ್ದು ಹಿಂದಿನ ಗಾಲಿ ಕಿತ್ತುಹೋಯಿತು.

ಬೇಕಂತಲೇ ಕೆಡವಿದ ಎಂದು ನಾನು ಓಣಿಗೆಲ್ಲ ಕೇಳುವಂತೆ ಅತ್ತೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ಗಾಲಿ ಹುಡುಕತೊಡಗಿದ. ಕೈ ಕಲ್ಲನ್ನು ತಡಕುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು.

“ಗಾಲಿ ನಿಮ್ಮ ಕಾಲ ಬಾಜೂಕೇ ಅದರಿ,” ಅಂದಳು ಅವ್ವ.

“ಎಲ್ಲಿ?”

ಕಪ್ಪು ಗಾಲಿ ಬಿಳಿ ಬಿಸಿಲಿನಲ್ಲಿ, ಅವನ ಹೆಬ್ಬೆರಳಿಗೆ ತಾಗುವಷ್ಟು ಹತ್ತಿರ ಬಿದ್ದಿತ್ತು. ಅವ್ವ ಬಾಗಿ ತಾನೇ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಸಂಜೆ ಅಡುಗೆಮನೆಯಲ್ಲಿ ಅವಳೂ ಆಯಿಯೂ ದನಿ ತಗ್ಗಿಸಿ ಮಾತಾಡಿದರು. ಅತ್ತೆ ಸೊಸೆ ದನಿ ತಗ್ಗಿಸಿದರೆಂದರೆ ನಮ್ಮ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಆ ಇಬ್ಬರೂ ಉಳಿದದ್ದನ್ನೆಲ್ಲ ಕೂಗಿಯೇ ಮಾತಾಡುತ್ತಿದ್ದರು.

ಸೋಮವಾರ ಬೆಳಗ್ಗೆ ನಾನು ಜಡೆ ಹಾಕಿಸಿಕೊಳ್ಳುತ್ತಿದ್ದೆ. ಆಯಿ ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದೀಪದ ಹತ್ತಿರ ಕೂತಿದ್ದಳು. ಅಪ್ಪ ಪೂಜೆಗೆ ಬಂದ.

“ಗುರು, ನನ್ನ ಬಾಜೂಕ ಕುಂದ್ರು. ಮುಟ್ಟಬ್ಯಾಡ, ಬರೇ ನನ್ನ ಅಂಗೈಯಾಗ ನೋಡು. ಕಂತಿ ಮ್ಯಾಲ ದೀಪ ಕಾಣತದೇನು?”

“ಕಾಣತದ ಬಿಡು ಯವ್ವಾ.”

“ಹೆಂಗ ಕಾಣತದ, ಹೇಳು.”

ಅಪ್ಪ ಬಾಗಿ ಬಹಳ ಹೊತ್ತು ನೋಡಿದ. “ನಿಂದೂ ಮಾಸ್ಯದಲ್ಲ… ಹಿಂಜಿದ ಹತ್ತಿ ಹಂಗ ಕಾಣಲಿಕತ್ತದ. ಸುತ್ತೂ ಎಳಿ ಎಳಿ.”

“ನನಗ ಸಾಸಿವಿ ಕಾಳಷ್ಟು ಕಾಣಲಿಕತ್ತದ. ಈ ವಯಸ್ಸಿನಾಗ, ನನಗ,” ಅಂದಳು ಆಯಿ. “ನಿನ್ನ ಕಂತಿಗೆ ಏನೂ ಆಗಿಲ್ಲಪ್ಪಾ. ಆಗಿದ್ದು ನಿನ್ನ ಕಣ್ಣಿಗಿ.”

ಅಪ್ಪ ನಗಲು ನೋಡಿದ. ಬಿಸಿಲಿಗೆ ಹಂಗಾಗತದ, ಎಲ್ಲರಿಗೂ ಆಗತದ ಅಂದ. ಹೊತ್ತಾತು ಎಂದು ಗೂಟದಲ್ಲಿದ್ದ ಖಾಕಿ ಅಂಗಿ ತೊಟ್ಟು, ಬಸ್ಸಿನ ಚಾವಿ ಎತ್ತಿಕೊಂಡ. ಅವ್ವ ಬಾಗಿಲಲ್ಲಿ ನನ್ನ ಪಾಟೀಚೀಲ ಹಿಡಿದು ನಿಂತಿದ್ದಳು. ಅವನ ದಾರಿಗೆ ಅಡ್ಡ ನಿಂತಿರಲಿಲ್ಲ, ಒಂದು ಪಕ್ಕಕ್ಕೇ ನಿಂತಿದ್ದಳು.

“ಮಾದೇವಿ ಇವತ್ತ ಬಸ್ಸಿಗೆ ಬರಂಗಿಲ್ಲ,” ಅಂದಳು.

“ಯಾಕ? ಮೈಯಾಗ ಆರಾಮಿಲ್ಲೇನು?”

“ಆರಾಮದಾಳ. ನಿಮ್ಮ ಬಸ್ಸಿಗೆ ನಾ ಕಳಸಂಗಿಲ್ಲ.”

ಅಪ್ಪ ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, “ಹಂಗಾದ್ರ ಉಳಿದ ಮಕ್ಕಳನ್ನ ಕಳಸ್ತಾರಲ್ಲ, ಆ ತಾಯಂದಿರು?”

“ಅವರಿಗೆ ಗೊತ್ತಿಲ್ಲರಿ. ನನಗ ಗೊತ್ತಾಗ್ಯದ.”

ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ಚಾವಿಯನ್ನು ಕಲ್ಲಿನ ಮೇಲಿಟ್ಟ. ಆಮೇಲೆ ಎಲ್ಲವನ್ನೂ ಹೇಳಿದ. ಮುಂಜಾನೆ ಬರೋಬ್ಬರಿ ಇರುತ್ತದೆ; ಮಧ್ಯಾಹ್ನ ಮಕ್ಕಳನ್ನು ಬಿಡಲು ಬರುವಾಗ ಬಿಸಿಲು ಎದುರು ಬಿದ್ದರೆ ರಸ್ತೆಯ ಮೇಲೆ ಹಾಲು ಚೆಲ್ಲಿದ ಹಾಗಾಗುತ್ತದೆ; ನಡೆದುಕೊಂಡು ಹೋಗುವವರ ವೇಗದಲ್ಲಿ ಹೊಡೆಯುತ್ತಿದ್ದೇನೆ; ಇವತ್ತು ಕಡಿಮೆಯಾದೀತು, ನಾಳೆ ಕಡಿಮೆಯಾದೀತು ಎಂದು ನೋಡಿದೆ. “ಹೇಳಿದ್ರ ಗಾಡಿ ಕಸಗೊಂತಾರ. ಗಾಡಿ ಬಿಟ್ಟು ನನಗ ಏನ ಬರತದ?” ಎಂದು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಯಿ ಎದ್ದು ಬಂದು, ಅಷ್ಟು ದೊಡ್ಡ ಮಗನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಅಂದು ಅವನು ನಡೆದುಕೊಂಡೇ ಫ್ಯಾಕ್ಟರಿಗೆ ಹೋದ. ಬಸ್ಸುಗಳನ್ನು ನೋಡಿಕೊಳ್ಳುವ ಅಧಿಕಾರಿಯ ಮುಂದೆ ಚಾವಿ ಇಟ್ಟು, ನನ್ನ ಕಣ್ಣು ಸರಿಯಿಲ್ಲ ಸಾಹೇಬ್ರ, ಇವತ್ತಿನಿಂದ ಬ್ಯಾರೆಯವರನ್ನ ಕಳಸ್ರಿ ಅಂದನಂತೆ. ಅವರು ಬೈಯಲಿಲ್ಲ. ಮೊದಲು ಆಸ್ಪತ್ರೆಗೆ ಹೋಗು, ಸೀಟಿನ ಮಾತು ಆಮೇಲೆ ಅಂದರಂತೆ. ಅಪ್ಪ ಮನೆಗೆ ಬಂದು, ಬಡಿಸಿದ್ದನ್ನೆಲ್ಲ ಉಂಡು, ಆಯಿಯ ಹಾಸಿಗೆಯ ಮೇಲೆ ಅಡ್ಡಾಗಿ ನಿದ್ದೆಹೋದ. ಎಷ್ಟು ದಿನದಿಂದ ಅವನು ಹಾಗೆ ಮಲಗಿರಲಿಲ್ಲವೋ. ಅವನ ಗೊರಕೆ ಅಡುಗೆಮನೆಗೆ ಕೇಳುತ್ತಿತ್ತು. ಅವ್ವ ಒಲೆಯ ಮುಂದೆ ಕೂತು, ಕೇಳು, ಹೆಂಗ ಹೊಡೀಲಿಕತ್ತಾರ ನೋಡು ಎಂದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೂ ಆ ಮಧ್ಯಾಹ್ನದಷ್ಟು ಹಗುರವಾದ ಮಧ್ಯಾಹ್ನವನ್ನು ನಾನು ಆ ಮನೆಯಲ್ಲಿ ಕಂಡದ್ದು ಕಡಿಮೆ.

ಕಲಬುರಗಿಯ ಕಣ್ಣಿನ ಡಾಕ್ಟರು ಪೊರೆ ಬಂದಿದೆ ಅಂದರು. ಇಷ್ಟು ಚಿಕ್ಕ ವಯಸ್ಸಿಗಾ ಎಂದು ಅವ್ವ ಬೆಚ್ಚಿದರೆ, ಈ ಜಾತಿಯ ಪೊರೆ ಯಾವ ವಯಸ್ಸಿಗೂ ಬರುತ್ತದಮ್ಮ ಅಂದರು. ಮಬ್ಬು ಬೆಳಕಿನಲ್ಲಿ ಅಷ್ಟು ತೊಂದರೆ ಇಲ್ಲ, ಬೆಳಕು ಎದುರಾದರೆ ಅಥವಾ ಹೊಳೆಯುವ ವಸ್ತು ಎದುರಿಗೆ ಬಂದರೆ ಎಲ್ಲ ಚದುರಿಹೋಗುತ್ತದೆ ಎಂದು ಬಿಡಿಸಿ ಹೇಳಿದರು. ನನ್ನ ಕಾರು, ಅಪ್ಪನ ಕಂತಿ, ಹಾಲು ಚೆಲ್ಲಿದ ರಸ್ತೆ, ಮೂರಕ್ಕೂ ಒಂದೇ ಉತ್ತರ. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

“ಕಣ್ಣು ವಾಪಸ್ ಬರತಾವೇನ್ರಿ?”

“ಬರತಾವ. ಹೆದರಬ್ಯಾಡ್ರಿ.”

ಒಂದು ಕಣ್ಣಾದ ಮೇಲೆ ಇನ್ನೊಂದು ಕಣ್ಣಿಗೆ ಆಪರೇಷನ್. ಅಪ್ಪ ಮೊದಲ ಕಣ್ಣಿಗೆಂದು ಕಲಬುರಗಿಯಲ್ಲಿದ್ದಾಗ ನನಗೆ ಒಂದು ವಿಚಾರ ಬಂತು. ಗಾಲಿ ಅಂಟಿಸಿದ ಕಾರನ್ನು ಎತ್ತಿಕೊಂಡು ಬಾಬುಮಿಯಾ ಚಾಚಾನ ಹತ್ತಿರ ಹೋಗಿ, ಇದರ ಚಮಕ್ ತೆಗಿ, ಅಪ್ಪನ ಕಣ್ಣಿಗೆ ಚುಚ್ಚತದ ಅಂದೆ. ಚಾಚಾ ನನ್ನ ಮುಖವನ್ನೇ ನೋಡಿದ. ಆಮೇಲೆ ನುಣುಪಾದ ಪಾಲಿಶ್ ಪೇಪರನ್ನು ನೀರಿನಲ್ಲಿ ನೆನೆಸಿ, ಎಷ್ಟು ಹಗುರಾಗಿ ಉಜ್ಜಬೇಕೆಂದು ತೋರಿಸಿ, ಕೆಲಸ ನನ್ನ ಕೈಗೇ ಬಿಟ್ಟ. “ಪೂರಾ ಡಲ್ ಬ್ಯಾಡ ಬೇಟಾ, ಗಾಡಿ ರೋಗಿಷ್ಟ ಕಾಣತದ. ಉಳ್ಳಾಗಡ್ಡಿ ಸಿಪ್ಪಿಗೆ ಬಂದಾಗ ಕೈ ನಿಲ್ಲಸು.” ಹೊಳಪು ಸ್ವಲ್ಪ ಸ್ವಲ್ಪವೇ ಇಳಿಯಿತು. ಬಿಸಿಲಿಗೆ ಹಿಡಿದು ನೋಡಿದೆ, ಕೆಂಪು ಮೆತ್ತಗೆ ಕಂಡಿತು, ಎಲ್ಲೂ ಕಿಡಿ ಏಳಲಿಲ್ಲ.

ಅಪ್ಪ ಒಂದು ಕಣ್ಣಿಗೆ ಹಸಿರು ಪರದೆ ಕಟ್ಟಿಕೊಂಡು ಮನೆಗೆ ಬಂದ. ಡಾಕ್ಟರು ಅನುಮತಿ ಕೊಟ್ಟ ದಿನ ಪರದೆ ತೆಗೆದು, ನಡುಮನೆಗೆ ಹೋಗದೆ ಪಡಸಾಲೆಯ ಬೆಳಕಿನಲ್ಲೇ ಕೂತು, ಎಲ್ಲವನ್ನೂ ಎತ್ತಿ ಎತ್ತಿ ನೋಡಿದ. ಆಯಿಯ ಮುಖದಲ್ಲಿ ಇಷ್ಟು ಗೆರೆಗಳಿವೆಯೇ ಎಂದು ಕೇಳಿ ಬೈಸಿಕೊಂಡ. ಆಮೇಲೆ ಕಾರನ್ನು ಕೇಳಿದ. ಬಿಸಿಲಿಗೆ ಹಿಡಿದು ತಿರುಗಿಸಿದ, ಹುಬ್ಬು ಗಂಟಿಕ್ಕಿದ.

“ಏ ಮಾದೇವಿ, ಇದರ ಚಮಕ್ ಎಲ್ಲಿಗಿ ಹೋತು? ನನ್ನ ಕಣ್ಣು ಇನ್ನಾ ಸರಿ ಆಗಿಲ್ಲೇನು?”

“ನಾನೇ ತಗದೀನಿ. ನಿನಗ ಚುಚ್ಚಬಾರದು ಅಂತ.”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು, ಆಯಿ ತೊಡೆ ತಟ್ಟಿ ನಕ್ಕಳು. ಅಪ್ಪ ನಗಲಿಲ್ಲ. ಅದನ್ನು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಚಮಕ್ ಹಚ್ಚೋಣವೇನು ಎಂದು ನಾನು ಕೇಳಿದೆ. “ಬ್ಯಾಡ. ಇದೇ ಇರಲಿ. ಇಂಥ ಬಣ್ಣ ಆ ಸಾಹೇಬನ ದೇಶದಾಗೂ ಸಿಗಂಗಿಲ್ಲ,” ಅಂದ. ಹೀಗೆ ನಮ್ಮ ಹಾಟ್ ರಾಡಿಗೆ ಆಧಾ ಚಮಕ್ ಖಾಯಂ ಆಯಿತು.

ಎರಡನೆಯ ಕಣ್ಣೂ ಆಯಿತು. ಅಲ್ಲಿಯವರೆಗೆ ಅಪ್ಪ ಶೆಡ್ಡಿನಲ್ಲಿ ಬೇರೆಯವರ ಬಸ್ಸಿಗೆ ನೀರು, ಆಯಿಲ್ ನೋಡುವ ಕೆಲಸ ಮಾಡಿದ. ತನ್ನ ಬಸ್ಸನ್ನು ಇನ್ನೊಬ್ಬ ಹೊಡೆದುಕೊಂಡು ಹೋಗುವಾಗ ಮುಖ ತಿರುಗಿಸಿ ನಿಲ್ಲುತ್ತಿದ್ದನೆಂದು ಯಾರೋ ಅವ್ವನಿಗೆ ಹೇಳಿದರು. ಡಾಕ್ಟರು ಸರಿಯಾಗಿದೆ ಎಂದ ಮೇಲೂ ಅಧಿಕಾರಿ ಸುಮ್ಮನೆ ಒಪ್ಪಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಬಸ್ಸನ್ನು ವಾಡಿಯ ರಸ್ತೆಯಲ್ಲಿ ಹೊಡೆಸಿ, ತಾವೇ ಪಕ್ಕದಲ್ಲಿ ಕೂತು ನೋಡಿದರು. ಒಳ್ಳೆಯದನ್ನೇ ಮಾಡಿದರು. ಅಂದು ಸಂಜೆ ಅಪ್ಪ ಚಾವಿ ತಂದು ಆಯಿಯ ಕಾಲಿಗೆ ಮುಟ್ಟಿಸಿದ.

ಮರುದಿನ ಕಾಲೊನಿಯ ಗೇಟಿನ ಹತ್ತಿರ ಬಸ್ಸು ನಿಂತಿತ್ತು. ಮಕ್ಕಳು ಬಂದಿದ್ದರು, ತಾಯಂದಿರೂ ಬಂದಿದ್ದರು. ಬೇರೆ ದಿನ ಗೇಟಿನಲ್ಲೇ ಮಕ್ಕಳ ಕೈ ಬಿಟ್ಟು ಹೋಗುವವರು ಅಂದು ಯಾರೂ ಬಿಡಲಿಲ್ಲ. ಊರಲ್ಲಿ ಸುದ್ದಿ ಹರಡಿತ್ತು, ಯಾರನ್ನೂ ತಪ್ಪು ಅನ್ನುವ ಹಾಗಿರಲಿಲ್ಲ. ಅವರು ಬಸ್ಸಿನ ಕಡೆ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಪ್ಪ ಸ್ಟೀರಿಂಗ್ ಹಿಡಿದು ನೆಟ್ಟಗೆ ಎದುರಿಗೆ ನೋಡುತ್ತ ಕೂತಿದ್ದ, ಕಿವಿ ಕೆಂಪಾಗಿತ್ತು. ಆಗ ನನ್ನ ಹಿಂದಿನಿಂದ ಅವ್ವ ಬಂದಳು. ಪೆಟ್ಟಿಗೆಯಲ್ಲಿಡುತ್ತಿದ್ದ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ, ತಾನೂ ಹತ್ತಿ, ಅಪ್ಪನ ಬೆನ್ನ ಹಿಂದಿನ ಮೊದಲ ಸೀಟಿನಲ್ಲಿ ನನ್ನನ್ನು ಕಿಟಕಿಗೆ ಸರಿಸಿ ಕೂತಳು.

“ಸಾಲಿ ಬಸ್ಸಿನಾಗ ದೊಡ್ಡವರು ಕುಂದ್ರಂಗಿಲ್ಲ,” ಅಂದ ಅಪ್ಪ ಕನ್ನಡಿಯಲ್ಲಿ ನೋಡುತ್ತ.

“ಹೌದೇನು? ಇಳಸ್ರಿ ನೋಡೂಣು.”

ಕೆಳಗೆ ಒಬ್ಬ ತಾಯಿ ಮಗನ ಕೈ ಬಿಟ್ಟಳು. ಅವನು ಓಡಿ ಬಂದು ಹತ್ತಿದ. ಆಮೇಲೆ ಇನ್ನೊಬ್ಬಳು ಬಿಟ್ಟಳು. ಆಮೇಲೆ ಎಲ್ಲ ಮಕ್ಕಳೂ ಎಂದಿನಂತೆ ಸೀಟಿಗಾಗಿ ಬಡಿದಾಡುತ್ತ ಒಳಗೆ ನುಗ್ಗಿದರು. ಅಪ್ಪ ಇಂಜಿನ್ ಶುರುಮಾಡಿದ. ಅವ್ವ ಸೆರಗು ಹೊದ್ದುಕೊಂಡು ಬೆನ್ನು ಒರಗಿಸಿ ಕೂತು, “ಹೂಂ, ಹೊಡೀರಿ ಗಾಡಿ,” ಅಂದಳು.